ಉಬ್ಬಸದ ಮೇಜು

ಫೆಬ್ರವರಿ ೪, ಮಂಗಳವಾರ

ಇವತ್ತು ಹದಿನಾಲ್ಕು ಮಕ್ಕಳು. ಹದಿನಾಲ್ಕು ಎದೆ, ಹದಿನಾಲ್ಕು ಅಮ್ಮಂದಿರು, ಒಂದೇ ಪಾಠ ಹದಿನಾಲ್ಕು ಸಲ. ನೀಲಿ ಪಂಪು ಉಸಿರು ಸಿಕ್ಕಿಕೊಂಡಾಗ ಮಾತ್ರ. ಕಂದು ಪಂಪು ದಿನಾ ಎರಡು ಹೊತ್ತು, ಮಗು ಕುಣಿದಾಡುತ್ತಿದ್ದರೂ ಸರಿ. ಕಂದು ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಗಂಟಲು ಕೆಡುತ್ತದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುತ್ತಾರಲ್ಲ, ಆ ದಾಸನಿಗೆ ಬಿಳಿ ಕೋಟು ಹಾಕಿ ಕೂರಿಸಿದರೆ ನಾನೇ.

ಮೂರು ತಿಂಗಳ ಹಿಂದೆ ಡಾಕ್ಟರು ನಮ್ಮ ಆರೋಗ್ಯ ಕೇಂದ್ರದ ಕಾರಿಡಾರಿನ ಕೊನೆಗೆ ಈ ಮೇಜು ಹಾಕಿಸಿ, ‘ಸಿಸ್ಟರ್, ಉಬ್ಬಸದ ಮಕ್ಕಳೆಲ್ಲ ಇನ್ನು ನಿಮ್ಮ ರಾಜ್ಯ’ ಅಂದಿದ್ದರು. ಅವರಿಗೆ ಮೂವತ್ತೊಂದು, ನನಗೆ ಐವತ್ತೆರಡು. ಆವತ್ತು ಹಿಗ್ಗಿದ್ದೆ. ರಾಜ್ಯ ಅಂದರೆ ಒಂದು ಮೇಜು, ಎರಡು ಸ್ಟೂಲು, ಮಕ್ಕಳಿಂದ ಊದಿಸಿ ಉಸಿರಿನ ಜೋರು ಅಳೆಯುವ ಒಂದು ಕೊಳವೆ, ಪಕ್ಕದಲ್ಲೊಂದು ನಲ್ಲಿ. ಬಾಯಿಮಾತು ಯಾರ ತಲೆಗೂ ಹೋಗುವುದಿಲ್ಲವೆಂದು ನಾನೇ ಒಂದು ಕ್ರಮ ಮಾಡಿಕೊಂಡಿದ್ದೇನೆ. ಕಲಿಸುವ ಪಂಪನ್ನು ನನ್ನ ಬಾಯಿಗೇ ಇಟ್ಟು, ಒತ್ತಿ, ಎಳೆದು, ಉಸಿರು ಹಿಡಿದು ಹತ್ತು ಎಣಿಸಿ ತೋರಿಸುತ್ತೇನೆ. ಅದು ಕಂಪನಿಯವರು ಪಾಠಕ್ಕೆಂದೇ ಕೊಟ್ಟದ್ದು. ನೋಡಲು ಥೇಟ್ ಕಂದು ಪಂಪೇ, ಒತ್ತಿದರೆ ಹಾಗೇ ಬುಸ್ಸೆನ್ನುತ್ತದೆ, ಒಳಗೆ ಔಷಧಿ ಮಾತ್ರ ಇಲ್ಲ. ಅದಕ್ಕೇ ನಾನು ಮುಕ್ಕಳಿಸುವ ಗೋಜಿಗೆ ಹೋಗುವುದಿಲ್ಲ. ಗಾಳಿಗೆ ಯಾರಾದರೂ ಬಾಯಿ ತೊಳೆಯುತ್ತಾರೆಯೇ?

ಇವತ್ತಿಂದ ಪಂಪು ತೊಳೆಯುವ ಪಾಠವನ್ನೂ ಸೇರಿಸಿದೆ. ವಾರಕ್ಕೊಮ್ಮೆ ಒಳಗಿನ ಲೋಹದ ಡಬ್ಬಿ ಹೊರಗೆ ಎಳೆದು, ಹೊರಗಿನ ಪ್ಲಾಸ್ಟಿಕ್ ಗೂಡನ್ನಷ್ಟೇ ನೀರಲ್ಲಿ ತೊಳೆಯಬೇಕು. ಮೊದಲ ಪಾಠ ಪಿಟೀಲಿಗೆ. ಏಳು ವರ್ಷದ ಹುಡುಗಿ. ಇವಳ ಎದೆಗೆ ಸ್ಟೆತಾಸ್ಕೋಪ್ ಇಡುವುದೇ ಬೇಡ, ಬಾಗಿಲಲ್ಲಿ ನಿಂತರೂ ಸುಯ್ ಸುಯ್ ಕಛೇರಿ ಕೇಳುತ್ತದೆ. ಅದಕ್ಕೇ ಆ ಹೆಸರಿಟ್ಟೆ, ಅವಳಿಗೂ ಇಷ್ಟ. ಎರಡು ತಿಂಗಳಿಂದ ಕಂದು ಪಂಪಿನಲ್ಲಿ ಒಳ್ಳೇ ದಾರಿಗೆ ಬಂದಿದ್ದಾಳೆ. ಇವತ್ತು ಊದಿದ್ದು ಇನ್ನೂರ ಹತ್ತು! ಹಳೇ ಪಂಪು ಮುಗಿದಿತ್ತು, ಹೊಸದು ಕೊಟ್ಟೆ. ಅದನ್ನೂ ನನ್ನ ಕಲಿಸುವ ಪಂಪನ್ನೂ ಒಟ್ಟಿಗೆ ಬಿಚ್ಚಿ, ತೊಳೆದು, ಒರೆಸಿ, ಜೋಡಿಸಿ ತೋರಿಸಿದೆ. ಅವಳ ಅಮ್ಮ ಲಾಂಡ್ರಿಯಲ್ಲಿ ಚಾದರ ಮಡಿಸುವ ಕೆಲಸದವಳು. ಕಣ್ಣು ಪಿಳುಕಿಸದೆ ನೋಡಿದಳು. ಒಂದು ಪ್ರಶ್ನೆ ಇಲ್ಲ, ಒಂದು ಮಾತಿಲ್ಲ. ಇಂಥವರಿಗೆ ಅರ್ಥವಾಯಿತೋ ಇಲ್ಲವೋ ಆ ದೇವರೇ ಬಲ್ಲ.

ಮನೆಗೆ ಬಂದರೆ ಅಕ್ಕ ನೀರಿನ ಲೋಟ ಕೊಟ್ಟು ಹೇಳಿದಳು, ‘ಕುಡಿಯೋಕೆ ಮುಂಚೆ ಹತ್ತು ಎಣಿಸ್ತಾ ಇದ್ದೀಯ ಕಣೇ. ಹುಚ್ಚು ಹಿಡೀತಿದೆ ನಿನಗೆ.’

ಫೆಬ್ರವರಿ ೧೦, ಸೋಮವಾರ

ಗಂಟಲು ಕಟ್ಟಿದೆ. ದಿನಕ್ಕೆ ಹತ್ತು ಹನ್ನೆರಡು ಸಲ ಕೂಗಿ ಕೂಗಿ ಹೇಳಿದರೆ ಕಟ್ಟದೆ ಏನು? ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು, ಒಂದು ದಿನ ಅವಳ ದನಿ ಹೋದದ್ದಿಲ್ಲ. ‘ಕೂಗಬಾರದು ಕಣೇ, ಸುಮ್ಮನೆ ನಿಂತು ನೋಡಬೇಕು. ಅವರೇ ಸುಮ್ಮನಾಗ್ತಾರೆ’ ಅಂದಳು. ಅವಳ ಮುಂದೆ ಕೂತಿದ್ದವರು ಕೆಮ್ಮುತ್ತಿರಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಪಿಟೀಲು ಹತ್ತೇ ದಿನಕ್ಕೆ ವಾಪಸು. ಕಛೇರಿ ಮತ್ತೆ ಶುರು. ಊದಿಸಿದರೆ ನೂರ ಅರವತ್ತು.

‘ಏನಮ್ಮ, ದಿನಾ ಎರಡು ಹೊತ್ತು ಕೊಡ್ತಿದ್ದೀಯಾ?’ ಅಂದೆ.

‘ಕೊಡ್ತಿದ್ದೀನಿ ಸಿಸ್ಟರ್.’

‘ಕೊಡ್ತಿದ್ರೆ ಹೀಗ್ಯಾಕಾಗುತ್ತೆ? ಚೆನ್ನಾಗಿದ್ದಾಳೆ ಅಂತ ಬಿಟ್ಟಿರ್ತೀಯ. ಎಲ್ಲರೂ ಮಾಡೋದು ಅದನ್ನೇ.’

ತಲೆ ತಗ್ಗಿಸಿದಳು. ಹುಡುಗಿ ನಡುವೆ ಬಾಯಿ ಹಾಕಿ, ‘ಮೊದಲಿನದ್ದು ನಾಲಿಗೆ ಮೇಲೆ ಒಂಥರಾ ಇರ್ತಿತ್ತು. ಇದು ಏನೂ ಇಲ್ಲ’ ಅಂದಳು. ‘ಔಷಧಿ ಏನು ಮಿಠಾಯೀನಾ, ರುಚಿ ನೋಡೋಕೆ?’ ಅಂದು ಗದರಿಸಿದೆ. ಅವರು ಎದ್ದು, ಮುಂದಿನ ಮಗು ಬಂದು ಕೂತರೂ ಆ ತಾಯಿ ಮೇಜಿನ ಪಕ್ಕ ನಿಂತೇ ಇದ್ದಳು. ‘ಇನ್ನೇನು?’ ಅಂದೆ. ‘ಏನಿಲ್ಲ ಸಿಸ್ಟರ್’ ಅಂದು ಹೋದಳು.

ಫೈಲಿನಲ್ಲಿ ಬರೆದೆ: ತಾಯಿ ಔಷಧಿಯನ್ನು ಸರಿಯಾಗಿ ಕೊಡುತ್ತಿರುವುದು ಅನುಮಾನ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು ಇವರಿಗೆ ಪಾಠ ಹೇಳುವುದು. ಎರಡು ತಿಂಗಳು ಕಷ್ಟಪಟ್ಟು ಮೇಲೆ ತಂದದ್ದನ್ನು ಹತ್ತು ದಿನದಲ್ಲಿ ನೀರಿಗೆ ಹಾಕಿದಳು.

ನನ್ನ ದನಿ ಈಗ ಹಳೇ ಬಾಗಿಲ ಕೀಲಿನ ಹಾಗೆ ಆಗಿದೆ. ಕಾರಿಡಾರಿನ ಮಕ್ಕಳು ನಗುತ್ತವೆ.

ಫೆಬ್ರವರಿ ೧೯, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಪಿಟೀಲಿನ ಸೋದರತ್ತೆ ಅವಳನ್ನು ಹೆಗಲ ಮೇಲೆ ಹೊತ್ತು ಓಡಿಬಂದಳು. ಶಾಲೆಯಲ್ಲಿ ಆಟದ ಹೊತ್ತಿಗೆ ಕುಸಿದು ಕೂತಳಂತೆ. ಶಾಲೆಯ ಹಿಂದೆಯೇ ಈ ಅತ್ತೆಯ ಮನೆ, ಅವಳಿಗೆ ಕರೆ ಹೋಗಿದೆ. ಹುಡುಗಿಯ ತುಟಿ ನೀಲಿ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗಿ ಹೋಗಿ ಬರುತ್ತಿತ್ತು. ಎದೆಯಲ್ಲಿ ಸದ್ದೇ ಇಲ್ಲ. ಸದ್ದಿರುವ ಎದೆಗೆ ನಾನು ಹೆದರುವುದಿಲ್ಲ, ಸದ್ದು ನಿಂತ ಎದೆಗೆ ಹೆದರುತ್ತೇನೆ.

ಆಮ್ಲಜನಕ, ನೆಬ್ಯುಲೈಜರು, ಸೂಜಿ. ಡಾಕ್ಟರು ಅವಳ ತಲೆ ಸವರುತ್ತ ‘ಉಸಿರು ಬಿಡು ಪುಟ್ಟಿ, ನಿಧಾನ, ನಿಧಾನ’ ಅನ್ನುತ್ತಿದ್ದರು. ನಲವತ್ತು ನಿಮಿಷ. ಆಮೇಲೆ ಸುಯ್ ಅನ್ನುವ ಸದ್ದು ಬಂತು. ಅಷ್ಟು ಹಿತವಾದ ಪಿಟೀಲನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಅಷ್ಟು ಹೊತ್ತಿಗೆ ತಾಯಿ ಲಾಂಡ್ರಿಯ ಏಪ್ರನ್ನಿನಲ್ಲೇ ಓಡಿಬಂದಳು. ಅವಳನ್ನು ಕಂಡದ್ದೇ ನನಗೆ ಎಲ್ಲಿತ್ತೋ ಸಿಟ್ಟು. ಇದ್ದಬದ್ದ ದನಿಯನ್ನೆಲ್ಲ ಸೇರಿಸಿ, ಕಾರಿಡಾರಿನಲ್ಲಿ ಎಲ್ಲರ ಎದುರಿಗೇ ಅಂದೆ, ‘ದಿನಕ್ಕೆ ಎರಡು ನಿಮಿಷ ಮಗುಗೆ ಕೊಡೋಕಾಗಲ್ವಾ ನಿನಗೆ? ಇವತ್ತು ಕೈ ತಪ್ಪಿ ಹೋಗ್ತಿದ್ದಳು, ಗೊತ್ತಾ?’

‘ಕೊಟ್ಟಿದ್ದೀನಿ ಸಿಸ್ಟರ್’ ಅಂದಳು. ಆಮೇಲೆ ಸಣ್ಣಗೆ, ‘ಕೊಟ್ಟಿದ್ದೀನಿ ಅಂತಲೇ ಅನ್ಸುತ್ತೆ’ ಅಂದಳು.

ಅನ್ಸುತ್ತಂತೆ! ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಹಾಗೇ.

ಸೋದರತ್ತೆ ಗಟ್ಟಿ ಹೆಂಗಸು. ‘ನಾನು ಮೊದಲಿಂದ ಹೇಳ್ತಾನೇ ಇದ್ದೆ’ ಅಂದಳು. ‘ನನ್ನ ತಮ್ಮ ತಿಂಗಳಲ್ಲಿ ಇಪ್ಪತ್ತು ದಿನ ಲಾರಿ ಮೇಲೆ. ಇವಳು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟ್ರೆ ಮಗೂನ ಯಾರು ನೋಡ್ತಾರೆ? ಇವತ್ತಿಂದ ಮಗು ನಮ್ಮನೇಲಿ ಇರುತ್ತೆ. ಅಲ್ವಾ ಸಿಸ್ಟರ್?’ ಮಂಚದ ಬುಡದಲ್ಲಿಟ್ಟಿದ್ದ ಫೈಲಿನಲ್ಲಿ ನಾನು ಬರೆದ ಸಾಲನ್ನು ಅವಳು ಓದಿದ್ದಳು. ಲಾರಿಯಲ್ಲಿದ್ದ ತಮ್ಮನಿಗೆ ಅಲ್ಲೇ ಫೋನು ಮಾಡಿ ಅದನ್ನೇ ಓದಿ ಹೇಳಿದಳು. ಅವನೂ ಹೂಂ ಅಂದನಂತೆ.

ನಾನೂ ಹೂಂ ಅಂದೆ.

ತಾಯಿ ಚೀಲದಿಂದ ಕಂದು ಪಂಪು, ನೀಲಿ ಪಂಪು ಎರಡನ್ನೂ ತೆಗೆದು ಅತ್ತಿಗೆಯ ಕೈಗೆ ಕೊಟ್ಟಳು. ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಹುಡುಗಿ ಮಂಚದ ಮೇಲಿಂದ ‘ಅಮ್ಮ, ನೀನೂ ಬಾ’ ಅನ್ನುತ್ತಿದ್ದಳು. ಡಾಕ್ಟರು ಐದು ದಿನದ ಸಿರಪ್ಪು ಬರೆದುಕೊಟ್ಟರು.

ಒಳ್ಳೆಯದೇ ಆಯಿತು. ಮಗುವಿಗೆ ಒಳ್ಳೆಯದಾಯಿತು.

ಫೆಬ್ರವರಿ ೨೧, ಶುಕ್ರವಾರ

ಹದಿನೊಂದು ಮಕ್ಕಳು. ಸಾಕಾಗಿದೆ.

ಫೆಬ್ರವರಿ ೨೫, ಮಂಗಳವಾರ

ತುತ್ತು ನುಂಗಿದರೆ ಉರಿ. ಅಕ್ಕ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು, ‘ಊರಿಗೆಲ್ಲ ಮುಕ್ಕಳಿಸಿ ಅಂತೀಯ, ನೀನೂ ಒಂದ್ಸಲ ಮುಕ್ಕಳಿಸು’ ಅಂದಳು. ಉಪ್ಪು ನೀರು ತಾಗಿದರೆ ಕಣ್ಣಲ್ಲಿ ನೀರು.

ಸಂಜೆ ಬಸ್ಸಿನಲ್ಲಿ ಪಿಟೀಲಿನ ತಾಯಿಯನ್ನು ಕಂಡೆ. ಅವಳು ನನ್ನನ್ನು ನೋಡಲಿಲ್ಲ. ಸೇತುವೆ ದಾಟಿದ ಮೇಲೆ, ಶಾಲೆಯ ನಿಲ್ದಾಣದಲ್ಲಿ ಇಳಿದಳು. ಕೈಯಲ್ಲಿ ಹುಡುಗಿಯ ಸ್ವೆಟರಿತ್ತು. ನೋಡಲು ಹೋಗುತ್ತಿದ್ದಾಳೆ, ನೆಂಟರ ಮನೆಗೆ ಹೋದ ಹಾಗೆ. ಪಾಪ ಅನ್ನಿಸಿತು. ಆದರೆ ಪಾಪ ಪಾಪ ಅಂತ ಕೂತರೆ ಮಕ್ಕಳು ಉಳಿಯುವುದಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಲಾಂಡ್ರಿಯ ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಾಳಿ ಬಿಡಲು ಇನ್ನೂ ಇಪ್ಪತ್ತು ನಿಮಿಷ. ಗೇಟಿನವನು ಒಳಗೆ ಬಿಡಲೂ ಇಲ್ಲ, ಅವಳನ್ನು ಕರೆಯಲೂ ಇಲ್ಲ. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಡೈರಿ ತೆಗೆದೆ.

ಮಧ್ಯಾಹ್ನ ಎರಡಕ್ಕೆ ಡಾಕ್ಟರು ‘ಬನ್ನಿ, ನಿಮ್ಮ ಗಂಟಲು ನೋಡ್ತೀನಿ, ನಿಮ್ಮ ದನಿ ಕೇಳಿ ನನಗೇ ಕೆಮ್ಮು ಬರುತ್ತೆ’ ಅಂದು ಕೂರಿಸಿ ಟಾರ್ಚು ಬಿಟ್ಟರು. ನಾಲಿಗೆ ಹೊರಗೆ ಹಾಕಿಸಿ ಇನ್ನೊಂದು ಸಲ ನೋಡಿದರು.

‘ಸಿಸ್ಟರ್, ನೀವು ಯಾವಾಗಿಂದ ಕಂದು ಪಂಪು ತಗೊಳ್ತಿದ್ದೀರಿ? ಉಬ್ಬಸ ಇದೆ ಅಂತ ಹೇಳಲೇ ಇಲ್ಲ ನನಗೆ.’

‘ನಾನಾ? ನಾನು ಎಳೆಯೋದು ಬರೀ ಗಾಳಿ ಡಾಕ್ಟ್ರೇ, ಮಕ್ಕಳಿಗೆ ತೋರಿಸೋಕೆ.’

‘ಗಾಳಿಗೆ ಹೀಗಾಗಲ್ಲ. ಒಳಗೆಲ್ಲ ಬಿಳಿ ಪದರ ಕಟ್ಟಿದೆ. ಕಂದು ಪಂಪು ಎಳೆದು ಬಾಯಿ ಮುಕ್ಕಳಿಸದೇ ಇರೋರ ಗಂಟಲು ಇದು.’ ನಕ್ಕು ಚೀಟಿ ಬರೆದುಕೊಟ್ಟರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು, ಎದ್ದು ಹೋದರು.

ನಾನೂ ನಗುತ್ತಲೇ ಮೇಜಿಗೆ ಬಂದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನನಗೆ ನಾನೇ ಅಂದುಕೊಂಡು ಡ್ರಾಯರು ಎಳೆದೆ. ಕಲಿಸುವ ಪಂಪನ್ನು ಬಿಚ್ಚಿ ಒಳಗಿನ ಡಬ್ಬಿ ಹೊರಗೆ ತೆಗೆದೆ. ಅದರ ಮೇಲೆ ‘ಪ್ರದರ್ಶನಕ್ಕೆ ಮಾತ್ರ’ ಅಂತ ಇರಬೇಕಿತ್ತು. ಇರಲಿಲ್ಲ. ಔಷಧಿಯ ಹೆಸರಿತ್ತು, ಪ್ರಮಾಣ ಇತ್ತು, ತಯಾರಿಸಿದ ತಾರೀಖಿತ್ತು. ಅಲುಗಿಸಿದರೆ ಹೆಚ್ಚುಕಡಿಮೆ ಖಾಲಿ.

ನಾಲ್ಕನೇ ತಾರೀಖು. ಎರಡು ಪಂಪು ಬಿಚ್ಚಿದೆ. ಎರಡು ಗೂಡು ತೊಳೆದೆ. ಎರಡು ಡಬ್ಬಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಜೋಡಿಸುವಾಗ ಅದು ಇದಕ್ಕೆ, ಇದು ಅದಕ್ಕೆ.

ಇಪ್ಪತ್ತನಾಲ್ಕು ದಿನ ನಾನು ಆ ಮಗುವಿನ ಔಷಧಿ ಕುಡಿದಿದ್ದೇನೆ. ಇಪ್ಪತ್ತನಾಲ್ಕು ದಿನ ಆ ಮಗು ಗಾಳಿ ಕುಡಿದಿದೆ. ಇವತ್ತೂ ಕುಡಿಯುತ್ತಿದೆ. ಸಿರಪ್ಪು ನಿಂತು ನಾಲ್ಕು ದಿನವಾಯಿತು. ಅದು ನಿಂತ ಮೇಲೆ ಆ ಎದೆಗೆ ಆಸರೆಯಾಗಿ ಇರುವುದು ಅದೊಂದು ಗಾಳಿ ಡಬ್ಬಿ.

ಔಷಧಿ ಕೊಡುವ ಕಿಟಕಿಯವರ ಹತ್ತಿರ ಹೊಸ ಪಂಪು ಕೇಳಿದೆ. ಇಪ್ಪತ್ತು ವರ್ಷದಿಂದ ಜೊತೆಗೆ ಕೆಲಸ ಮಾಡಿದವರು, ಮುಖ ನೋಡಿ ಕೇಳಿದರು, ಹೇಳಿದೆ. ಅವರು ಆಚೀಚೆ ನೋಡಿ, ‘ಬಾಯಿ ಬಿಡಬೇಡಿ. ಹೊಸದು ಕೊಟ್ಟು ಹಳೇದು ಇಸ್ಕೊಂಡು ಬನ್ನಿ. ಹಳೇದ್ರಲ್ಲಿ ದೋಷ ಇತ್ತು ಅನ್ನಿ. ಸುಳ್ಳೇನಲ್ಲವಲ್ಲ?’ ಅಂದರು. ಡಾಕ್ಟರು ಇನ್ನೂ ಹೆರಿಗೆ ಕೋಣೆಯಲ್ಲಿದ್ದರು. ತಾಯಿಗೆ ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ. ಸೋದರತ್ತೆಯ ನಂಬರು ಫೈಲಿನಲ್ಲಿಲ್ಲ, ಶಾಲೆಯ ಹಿಂದೆ ಅನ್ನುವುದು ಬಿಟ್ಟರೆ ಮನೆಯೂ ಗೊತ್ತಿಲ್ಲ. ಶಾಲೆಗೆ ಮಾಡಿದರೆ ಯಾರ ನಂಬರನ್ನೂ ವಿಳಾಸವನ್ನೂ ಫೋನಿನಲ್ಲಿ ಕೊಡುವುದಿಲ್ಲ, ಹುಡುಗಿ ಎರಡು ದಿನದಿಂದ ಬಂದಿಲ್ಲ ಅಂದರು.

ಎರಡು ದಿನದಿಂದ.

ಕಿಟಕಿಯವರು ಹೇಳಿದ್ದು ಸರಿ. ಮೊದಲು ಪಂಪು ಬದಲಾಗಲಿ. ಮಾತು ಆಮೇಲೆ. ಈಗ ಹೇಳಿ ಯಾರಿಗೇನು ಲಾಭ? ಎಂಟು ವರ್ಷವಿದೆ ನನ್ನ ನಿವೃತ್ತಿಗೆ.

ಗೇಟು ತೆಗೆಯುತ್ತಿದ್ದಾರೆ.

ಮಾರ್ಚ್ ೧, ಶನಿವಾರ

ನಿನ್ನೆಯದು ಬರೆಯಬೇಕು.

ಗೇಟಿನಲ್ಲಿ ನನ್ನನ್ನು ಕಂಡ ಕೂಡಲೇ ಅವಳ ಮುಖ ಸುಣ್ಣ ಬಳಿದ ಹಾಗಾಯಿತು. ‘ಮಗುಗೆ ಏನಾಯ್ತು?’ ಅಂದಳು. ಏನೂ ಆಗಿಲ್ಲ, ಪಂಪು ಬದಲಾಯಿಸಬೇಕು, ಅತ್ತಿಗೆ ಮನೆ ತೋರಿಸು ಅಂದೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆವು. ‘ಯಾಕೆ ಬದಲಾಯಿಸಬೇಕು ಸಿಸ್ಟರ್?’ ಅಂದಳು. ಕಿಟಕಿಯ ಆಚೆ ನೋಡಿಕೊಂಡು, ‘ಆ ಡಬ್ಬಿಯಲ್ಲಿ ಏನೋ ದೋಷ ಇದೆಯಂತೆ’ ಅಂದೆ. ನನ್ನ ಬಾಯಿಂದ ಅದೆಷ್ಟು ಸಲೀಸಾಗಿ ಬಂತು! ಬಿಸಿ ಚಾದರ ಮಡಿಸಿ ಮಡಿಸಿ ಅವಳ ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಎದ್ದಿದ್ದವು. ಅಷ್ಟು ದಿನ ಅವಳು ಮೇಜಿನ ಮೇಲೆ ಅದೇ ಕೈ ಇಟ್ಟು ಕೂತಿದ್ದಳು, ನಾನು ನೋಡಿರಲಿಲ್ಲ.

ಮೂರನೇ ಮಹಡಿ. ಬಾಗಿಲು ತೆಗೆದ ಸೋದರತ್ತೆ ನನ್ನನ್ನು ನೋಡಿ ಗಾಬರಿಯಾದಳು. ಒಳಗಿನಿಂದ ಸುಯ್ ಸುಯ್ ಕೇಳುತ್ತಿತ್ತು. ಹುಡುಗಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈ ಊರಿ ಕೂತಿದ್ದಳು. ಅಮ್ಮನನ್ನು ಕಂಡು ನಕ್ಕಳು, ಮಾತಾಡಲು ಉಸಿರು ಸಾಲದು. ಮೊದಲು ನೀಲಿ ಪಂಪು, ಸ್ವಲ್ಪ ಬಿಟ್ಟು ಬಿಟ್ಟು ಆರು ಸಲ. ನೀಲಿಯಲ್ಲಿ ಔಷಧಿಯಿತ್ತು, ದೇವರು ದೊಡ್ಡವನು. ಕಾಲು ಗಂಟೆಗೆ, ಉಸಿರಿಗಾಗಿ ಎತ್ತಿಕೊಂಡಿದ್ದ ಹೆಗಲು ಇಳಿಯಿತು, ‘ಅಮ್ಮ, ಇಲ್ಲಿ ಟಿವಿ ಇದೆ’ ಅಂದಳು. ಆಮೇಲೆ ಹೊಸ ಕಂದು ಪಂಪು ಕೊಟ್ಟೆ. ನಾಲಿಗೆ ಚಪ್ಪರಿಸಿ, ‘ಹಾಂ, ಇದು ಅದೇ’ ಅಂದಳು.

‘ಎರಡು ಹೊತ್ತೂ ಗಡಿಯಾರ ನೋಡ್ಕೊಂಡು ಕೊಟ್ಟಿದ್ದೀನಿ ಸಿಸ್ಟರ್’ ಅಂದಳು ಸೋದರತ್ತೆ, ಕೇಳುವ ಮೊದಲೇ. ಅವಳ ಗಟ್ಟಿತನವೆಲ್ಲ ಎಲ್ಲಿ ಹೋಗಿತ್ತೋ. ‘ಆ ಸಿರಪ್ಪು ಮುಗಿದಿದ್ದೇ ಮುಗಿದಿದ್ದು, ಮತ್ತೆ ಶುರುವಾಯ್ತು. ನಾಳೆ ಕರ್ಕೊಂಡು ಬರೋಣ ಅಂತಲೇ ಇದ್ದೆ.’

‘ಮೂರು ದಿನದಿಂದ ಹೀಗಿದ್ದಾಳಾ?’ ಅಂದಳು ತಾಯಿ. ‘ಮಂಗಳವಾರ ಬಂದಾಗ ಮಲಗಿದ್ದಾಳೆ, ಎಬ್ಬಿಸಬೇಡ ಅಂದ್ರಲ್ಲ ಅತ್ತಿಗೆ.’

ಸೋದರತ್ತೆ ಸೆರಗಿನ ತುದಿ ತಿರುಚಿದಳು. ಹೇಗೆ ಹೇಳುತ್ತಾಳೆ? ತಾಯಿ ಕೊಡುವುದಿಲ್ಲ ಅಂತ ಮಗುವನ್ನು ಕಿತ್ತು ತಂದವಳು, ತಾನು ಕೊಟ್ಟರೂ ಹಾಗೇ ಆಗುತ್ತಿದೆ ಅಂತ ಯಾವ ಬಾಯಲ್ಲಿ ಹೇಳುತ್ತಾಳೆ? ಅವಳ ಮುಖ ನೋಡಿದರೆ ಕನ್ನಡಿ ನೋಡಿದ ಹಾಗಾಯಿತು ನನಗೆ.

ಹಳೇ ಡಬ್ಬಿಯಲ್ಲಿ ಏನೋ ದೋಷವಂತೆ ಅಂತ ತಾಯಿ ಹೇಳಿದ್ದೇ ಅವಳಿಗೆ ಒಂದು ದಾರಿ ಸಿಕ್ಕಿತು. ‘ಡಬ್ಬಿಯಲ್ಲೇ ದೋಷವಾ? ಹಾಗಾದ್ರೆ ಇವಳೇ ತೊಳೆಯೋವಾಗ ನೀರಲ್ಲಿ ಹಾಕಿ ಕೆಡಿಸಿರ್ಬೇಕು. ಇವಳಿಗೆ ಎಲ್ಲಾನೂ ತೊಳೆದು ತೊಳೆದೇ ಅಭ್ಯಾಸ.’

ತಾಯಿ ನನ್ನನ್ನು ನೋಡಿದಳು. ಬೈದದ್ದಕ್ಕೆ ಸಿಟ್ಟಿಲ್ಲ ಆ ಕಣ್ಣಲ್ಲಿ. ‘ಹಾಗೇನಾದ್ರೂ ಮಾಡಿಬಿಟ್ಟೆನಾ ಸಿಸ್ಟರ್?’ ಅಂತ ಕೇಳಿದಳು. ನಿಜವಾಗಿ ಕೇಳಿದಳು. ನಾನು ಹೂಂ ಅಂದಿದ್ದರೆ ನಂಬುತ್ತಿದ್ದಳು.

‘ಇಲ್ಲ’ ಅಂದೆ. ದನಿ ಬರಲಿಲ್ಲ. ಇನ್ನೊಂದು ಸಲ ಅಂದೆ. ‘ನೀವೇನೂ ಮಾಡಿಲ್ಲ. ಅದು ಕಲಿಸೋ ಪಂಪಿನ ಡಬ್ಬಿ. ಔಷಧಿ ಇಲ್ಲದ್ದು. ಅವತ್ತು ತೊಳೆದು ತೋರಿಸಿದೆನಲ್ಲ, ಜೋಡಿಸೋವಾಗ ನಾನೇ ಅದಲುಬದಲು ಮಾಡಿದೆ. ನೀವು ದಿನಾ ಕೊಟ್ಟಿದ್ದೀರಿ. ನಿಮ್ಮ ಅತ್ತಿಗೇನೂ ಕೊಟ್ಟಿದ್ದಾರೆ. ಇಬ್ಬರೂ ಕೊಟ್ಟಿದ್ದು ಗಾಳಿ. ಬಸ್ಸಲ್ಲಿ ನಾನು ಹೇಳಿದ್ದು ಸುಳ್ಳು.’

ಸೋದರತ್ತೆ ಧೊಪ್ಪೆಂದು ಕೂತಳು. ತಾಯಿ ಕೂರಲಿಲ್ಲ. ಅತ್ತಿಗೆಯ ಮೇಜಿನ ಮೇಲಿದ್ದ ಹಳೇ ಪಂಪನ್ನು ಎತ್ತಿ, ಡಬ್ಬಿ ಹೊರಗೆಳೆದು, ಅದರ ಮೇಲಿನ ಸಣ್ಣಕ್ಷರದ ಮೇಲೆ ಬೆರಳಿಟ್ಟಳು.

‘ಮೊದಲನೇ ವಾರ ತೊಳೆಯೋಕೆ ತೆಗೆದಾಗಲೇ ನೋಡಿದೆ. ಮುಗಿದ ಹಳೇದು ಮನೇಲೇ ಇತ್ತು, ಅದ್ರ ಡಬ್ಬಿ ಮೇಲೆ ಬೇರೆ ಥರ ಬರೆದಿತ್ತು. ನನಗೆ ಓದೋಕೆ ಬರಲ್ಲ, ಆದ್ರೆ ಬೇರೆ ಅಂತ ಗೊತ್ತಾಯ್ತು. ಕೇಳೋಣ ಅಂತಲೇ ಅವತ್ತು ನಿಮ್ಮ ಮೇಜಿನ ಹತ್ರ ನಿಂತಿದ್ದೆ.’

‘ಇನ್ನೇನು’ ಅಂತ ನಾನು ಅಂದ ದನಿ ನನ್ನ ಕಿವಿಯಲ್ಲೇ ಇತ್ತು.

‘ಆಮೇಲಾಮೇಲೆ ನನಗೇ ಅನುಮಾನ ಬಂತು’ ಅಂದಳು. ‘ಕೊಟ್ಟಿದ್ದೀನಾ, ಕೊಟ್ಟೆ ಅಂತ ಅಂದ್ಕೊಂಡಿದ್ದೀನಾ ಅಂತ. ಗೋಡೆ ಮೇಲೆ ಗೆರೆ ಹಾಕೋಕೆ ಶುರು ಮಾಡಿದೆ, ಒಂದೊಂದು ಸಲಕ್ಕೂ ಒಂದು ಗೆರೆ. ಇವರೆಲ್ಲ ಬೈದ ಮೇಲೆ, ಗೆರೇನೂ ಸುಮ್ಮನೆ ಹಾಕಿರಬಹುದು ಅನ್ನಿಸ್ತು.’

ಅತ್ತಳು. ನಿಂತಲ್ಲೇ, ಸದ್ದಿಲ್ಲದೆ, ಮಗಳಿಗೆ ಬೆನ್ನು ಮಾಡಿ. ಕೈ ಮುಗಿದೆ ನಾನು. ಅದನ್ನು ಅವಳು ನೋಡಲಿಲ್ಲ. ಮಗುವನ್ನು ಎತ್ತಿಕೊಂಡಳು, ಚಪ್ಪಲಿ ಹಾಕಿಸಿದಳು, ಬಾಗಿಲು ದಾಟಿದಳು. ಸೋದರತ್ತೆ ಸ್ವೆಟರು ಹಿಡಿದುಕೊಂಡು ಮೆಟ್ಟಿಲವರೆಗೂ ಹಿಂದೆ ಓಡಿದಳು. ಕೇಂದ್ರದವರೆಗೂ ನಾನು ಅವರ ಹಿಂದಿನ ಸೀಟಿನಲ್ಲಿ ಕೂತು ಬಂದೆ. ಡಾಕ್ಟರು ಮಗುವನ್ನು ನೋಡಿ, ಮತ್ತೆ ಸಿರಪ್ಪು ಬರೆದರು. ಎಲ್ಲವನ್ನೂ ಅವರ ಮುಂದೆ ಇನ್ನೊಂದು ಸಲ ಹೇಳಿದೆ.

ಅಕ್ಕನಿಗೂ ಹೇಳಿದೆ. ಏನಾದರೂ ಚುಚ್ಚುತ್ತಾಳೆ ಅಂದುಕೊಂಡಿದ್ದೆ. ‘ಊಟ ಮಾಡು’ ಅಂದಳು ಅಷ್ಟೇ.

ಮಾರ್ಚ್ ೪, ಮಂಗಳವಾರ

ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಡಾಕ್ಟರಿಗೆ ಕೊಟ್ಟೆ. ಅವರು ಮೇಲಿನವರಿಗೆ ಕಳಿಸಿದ್ದಾರೆ. ವಿಚಾರಣೆ ಆಗುತ್ತದಂತೆ. ಕಿಟಕಿಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಫೈಲಿನ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ತಾಯಿ ಒಂದು ದಿನವೂ ತಪ್ಪಿಸಿಲ್ಲ. ತಪ್ಪು ನನ್ನದು. ಅದರ ಒಂದು ಪ್ರತಿಗೆ ಮೊಹರು ಹಾಕಿಸಿ ಅವರಿಗೆ ಕಳಿಸಿದೆ, ಗಂಡ ಬಂದಾಗ ಓದಿಸಲು ಬೇಕಾಗಬಹುದು.

ಕಲಿಸುವ ಪಂಪನ್ನು ಇನ್ನು ಬಿಚ್ಚುವುದಿಲ್ಲ, ತೊಳೆಯುವ ಪಾಠಕ್ಕೆ ಮಗುವಿನ ಪಂಪು ಒಂದೇ ಸಾಕು. ಇವತ್ತು ನೋಡಿದ್ದು ಒಂಬತ್ತೇ ಮಕ್ಕಳು. ಯಾಕೋ ನಿಧಾನವಾಯಿತು. ಒಬ್ಬ ಅಜ್ಜ ತಮ್ಮ ಮೊಮ್ಮಗನ ಪಂಪಿನ ಬಗ್ಗೆ ಕಾಲು ಗಂಟೆ ಪ್ರಶ್ನೆ ಕೇಳಿದರು. ವಕೀಲರ ಹಾಗೆ ಒಂದೊಂದಾಗಿ, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಕೂತು ಕೇಳಿದೆ. ಕೂಗಿದರೆ ಗಂಟಲು ನೋಯುತ್ತದಲ್ಲ, ಅದಕ್ಕೆ.

ಮಾರ್ಚ್ ೧೮, ಮಂಗಳವಾರ

ಇವತ್ತು ಪಿಟೀಲು ಬರುವ ದಿನ. ಬರುತ್ತಾರೋ ಇಲ್ಲವೋ ಅಂತ ಬೆಳಿಗ್ಗೆಯಿಂದ ಕಾರಿಡಾರು ನೋಡುತ್ತಿದ್ದೆ. ನದಿಯಾಚೆ ಇನ್ನೊಂದು ಕೇಂದ್ರವಿದೆ, ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಹನ್ನೆರಡಕ್ಕೆ ಬಂದರು. ಸಾಲಿನಲ್ಲಿ ನಿಲ್ಲಲಿಲ್ಲ, ಸಾಲು ಮುಗಿಯುವವರೆಗೆ ಗೋಡೆಯ ಪಕ್ಕ ಕಾದರು. ಎಲ್ಲರೂ ಹೋದ ಮೇಲೆ ಮೇಜಿನ ಹತ್ತಿರ ಬಂದು, ಮಗಳ ಕೈ ಬಿಡದೆ ನಿಂತರು. ಸ್ಟೂಲು ಖಾಲಿಯಿತ್ತು. ಕೂರಿಸಲಿಲ್ಲ.

‘ಒಂದು ಕೇಳಬೇಕು ಸಿಸ್ಟರ್.’

‘ಕೇಳಿ.’

‘ಅವತ್ತು ಅತ್ತಿಗೆ ಮನೆಗೆ ಹೋಗೋಷ್ಟರಲ್ಲಿ ಇವಳಿಗೆ ಏನಾದ್ರೂ ಆಗಿಹೋಗಿದ್ರೆ, ಡಬ್ಬಿ ಅದಲುಬದಲಾಗಿದ್ದು ನೀವು ನನಗೆ ಹೇಳ್ತಿದ್ರಾ?’

ಖಂಡಿತ ಹೇಳುತ್ತಿದ್ದೆ ಅನ್ನಲು ಬಾಯಿ ತೆರೆದೆ. ಬಸ್ಸಿನ ಕಿಟಕಿ ನೆನಪಾಯಿತು. ನಾನು ಹೇಳದಿದ್ದರೆ ಈ ಹೆಂಗಸು ಸಾಯುವವರೆಗೂ ತಾನೇ ಮಗಳನ್ನು ಕೊಂದೆ ಅಂತ ನಂಬಿಕೊಂಡು ಬದುಕುತ್ತಿದ್ದರು. ಅದು ಗೊತ್ತಿದ್ದೂ ನಾನು ಏನು ಮಾಡುತ್ತಿದ್ದೆನೋ. ಅವರು ಕಾಯುತ್ತಿದ್ದರು.

‘ಗೊತ್ತಿಲ್ಲಮ್ಮ’ ಅಂದೆ. ‘ಹೇಳ್ತಿರಲಿಲ್ಲವೇನೋ.’

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗಳ ಕೈ ಬಿಟ್ಟು, ಸ್ಟೂಲನ್ನು ಮುಂದಕ್ಕೆ ಎಳೆದು, ಅವಳನ್ನು ನನ್ನ ಎದುರಿಗೆ ಕೂರಿಸಿದರು.

‘ಎದೆ ನೋಡಿ ಸಿಸ್ಟರ್’ ಅಂದರು.